ಫರ್ಮ್‌ವೇರ್ ಬದಲಿಸುವ ಮುನ್ನ ಬದಲಿ ಡಬ್ಬಿ ಕಪಾಟಿನಲ್ಲಿರಲಿ

ಕಾರ್ಖಾನೆಯ ಸ್ವಿಚ್, ರೂಟರ್, ಗೇಟ್‌ವೇಗಳಲ್ಲಿ ಭದ್ರತಾ ಲೋಪವಿದೆ ಎಂದು ತಯಾರಕರು ಪ್ರಕಟಿಸಿದಾಗ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ‘ಓಡುವ ಮೆಷಿನ್ ಮುಟ್ಟಬೇಡಿ’ ಎಂದು ಪ್ರಕಟಣೆಯನ್ನೇ ಬದಿಗಿಡುವುದು ಒಂದು. ಹೊಸ ಫೈಲ್ ಇಳಿಸಿಕೊಂಡು, ಮುಂದಿನ ಶಟ್‌ಡೌನ್‌ನಲ್ಲಿ ತುಂಬಿ, ಕೈ ತೊಳೆದುಕೊಳ್ಳುವುದು ಇನ್ನೊಂದು. ಎರಡನೆಯದು ಜವಾಬ್ದಾರಿಯ ಕೆಲಸದಂತೆ ಕಾಣುವುದರಿಂದ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಫರ್ಮ್‌ವೇರ್ ಎಂದರೆ ಸಾಧನದೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ. ಅದು ಕೆಟ್ಟರೆ ಸಾಧನವೇ ಕೆಟ್ಟಂತೆ. ಹಾಗಾಗಿ ಲೋಪ ಸರಿಪಡಿಸುವ ಕೆಲಸ ಡೌನ್‌ಲೋಡ್‌ನಿಂದಲ್ಲ, ಹಿಂದಿರುಗುವ ದಾರಿ ಇದೆಯೇ ಎಂದು ನೋಡುವುದರಿಂದ ಶುರುವಾಗಬೇಕು.

ಇದಕ್ಕೆ ಉಕ್ರೇನ್‌ಗಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. 2015ರ ಡಿಸೆಂಬರ್ 23ರಂದು ಅಲ್ಲಿನ ವಿದ್ಯುತ್ ವಿತರಣಾ ಕಂಪನಿಗಳ ಜಾಲಕ್ಕೆ ನುಗ್ಗಿದವರು ದೂರದಿಂದಲೇ ಬ್ರೇಕರ್‌ಗಳನ್ನು ತೆರೆದರು. ಸುಮಾರು 2,25,000 ಗ್ರಾಹಕರ ವಿದ್ಯುತ್ ಹೋಯಿತು. ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದ್ದರಿಂದ ಕೆಲವೇ ಗಂಟೆಗಳಲ್ಲಿ ಅದು ಮರಳಿತು. ಆದರೆ ದಾಳಿಕೋರರು ಸೀರಿಯಲ್‌ನಿಂದ ಈಥರ್ನೆಟ್‌ಗೆ ಪರಿವರ್ತಿಸುವ ಸಣ್ಣ ಕನ್ವರ್ಟರ್‌ಗಳಿಗೆ ಕೆಟ್ಟ ಫರ್ಮ್‌ವೇರ್ ತುಂಬಿದ್ದರು. ಅವು ಮತ್ತೆ ಬಳಕೆಗೆ ಬರಲಿಲ್ಲ. ಹೀಗಾಗಿ ದೂರನಿಯಂತ್ರಣ ಬಹುಕಾಲ ಕುಂಟಿತು. ತಯಾರಕರ ಫೈಲ್ ಹೋಗುವ ಬಾಗಿಲಿನಿಂದಲೇ ದಾಳಿಕೋರರ ಫೈಲ್ ಕೂಡ ಹೋಗುತ್ತದೆ. ಪ್ಯಾನೆಲ್ಲಿನ ಅತಿ ಅಗ್ಗದ ಡಬ್ಬಿಗೆ ಬದಲಿ ಇಲ್ಲದಿದ್ದರೆ ಅದೇ ಅತಿ ದುಬಾರಿಯಾಗುತ್ತದೆ.

ಮೊದಲು ಪಟ್ಟಿ ಮಾಡಿ: ಮಾದರಿ, ಹಾರ್ಡ್‌ವೇರ್ ಆವೃತ್ತಿ, ಫರ್ಮ್‌ವೇರ್ ಆವೃತ್ತಿ, ಐಪಿ ವಿಳಾಸ, ಯಾವ ಪ್ಯಾನೆಲ್. ಕನ್ವರ್ಟರ್‌ಗಳು ಮತ್ತು ಸಿಮ್ ಹಾಕಿದ ಮೋಡೆಮ್‌ಗಳು ಇಂಥ ಪಟ್ಟಿಗಳಿಂದ ತಪ್ಪಿಸಿಕೊಳ್ಳುತ್ತವೆ, ಅವನ್ನೇ ಹುಡುಕಿ. ಆಮೇಲೆ ತಯಾರಕರ ಹಾಗೂ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಪ್ರಕಟಣೆಗಳೊಂದಿಗೆ ಹೋಲಿಸಿ. ಬ್ರ್ಯಾಂಡ್ ಹೆಸರು ಕಾಣಲಿಲ್ಲವೆಂದು ಸುಮ್ಮನಾಗುವಂತಿಲ್ಲ. 2020ರಲ್ಲಿ ಬಯಲಾದ ‘ರಿಪಲ್20’ ಎಂಬ 19 ಲೋಪಗಳು ಟ್ರೆಕ್ ಎಂಬ ಒಂದೇ ಕಂಪನಿಯ ಜಾಲ ತಂತ್ರಾಂಶದಲ್ಲಿದ್ದವು. ಅದನ್ನು ಹತ್ತಾರು ತಯಾರಕರು ತಮ್ಮ ಸಾಧನಗಳೊಳಗೆ ಸೇರಿಸಿಕೊಂಡಿದ್ದರು. ನಿಮ್ಮ ಮಾದರಿಗೆ ಲೋಪ ತಾಗುತ್ತದೆಯೇ ಎಂದು ಮಾರಾಟಗಾರರಿಂದ ಬರಹದಲ್ಲೇ ಉತ್ತರ ಪಡೆಯಿರಿ. ಫೋನಿನಲ್ಲಿ ಹೇಳಿದ ‘ಏನೂ ಆಗಲ್ಲ ಸಾರ್’ ಲೆಕ್ಕಕ್ಕಿಲ್ಲ. ಇಂಟರ್‌ನೆಟ್‌ಗೆ ಮುಖ ಮಾಡಿದ ಸಾಧನ ಮೊದಲು, ಆಫೀಸಿನ ಜಾಲಕ್ಕೆ ತಾಗಿದ್ದು ನಂತರ, ಉಳಿದವು ಕೊನೆಗೆ. ‘ನಮ್ಮ ಜಾಲಕ್ಕೆ ಇಂಟರ್‌ನೆಟ್ಟೇ ಇಲ್ಲವಲ್ಲ’ ಎನ್ನುವವರು ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಪೆನ್‌ಡ್ರೈವ್‌ಗಳ ಮೂಲಕ ಹರಡಿದ್ದನ್ನು ಮರೆಯಬಾರದು. ಸರ್ವಿಸ್ ಎಂಜಿನಿಯರ್‌ನ ಲ್ಯಾಪ್‌ಟಾಪ್ ಕೂಡ ಒಂದು ಸಂಪರ್ಕವೇ.

ಈಗ ಬ್ಯಾಕಪ್. ಹೆಚ್ಚಿನವರು ಎಡವುವುದು ಇಲ್ಲೇ. ವೆಬ್ ಪುಟದಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದಾಗ ಸಿಗುವುದು ಸೆಟ್ಟಿಂಗ್‌ಗಳ ಫೈಲ್ ಮಾತ್ರ, ಅದರಲ್ಲಿ ಫರ್ಮ್‌ವೇರ್ ಇರುವುದಿಲ್ಲ. ಹಳೆಯ ಆವೃತ್ತಿಯ ಫೈಲನ್ನು ತಯಾರಕರು ತಮ್ಮ ತಾಣದಿಂದ ತೆಗೆದುಹಾಕಿರಬಹುದು, ಅದನ್ನು ಬೇರೆಯಾಗಿ ಕೂಡಿಡಬೇಕು. ಕೆಲವು ಸಾಧನಗಳ ಬ್ಯಾಕಪ್‌ನಲ್ಲಿ ಬಳಕೆದಾರರ ಪಾಸ್‌ವರ್ಡ್, ಸರ್ಟಿಫಿಕೇಟ್ ಸೇರುವುದಿಲ್ಲ. ಕೆಲವುಗಳಲ್ಲಿ ಹೊಸ ಆವೃತ್ತಿಯಲ್ಲಿ ಉಳಿಸಿದ ಸೆಟ್ಟಿಂಗ್ ಹಳೆಯದಕ್ಕೆ ಕೂರುವುದಿಲ್ಲ. ಹಿಂದಿನ ಆವೃತ್ತಿಗೆ ಇಳಿದರೆ ಎಲ್ಲವೂ ಅಳಿಸಿಹೋಗುವ ಸಾಧನಗಳೂ ಇವೆ. ಇನ್ನೂ ಕೆಟ್ಟ ಸಂಗತಿಯೆಂದರೆ, ಹೊಸ ಫರ್ಮ್‌ವೇರ್ ಹಾಕಿ ಹಳೆಯ ಸೆಟ್ಟಿಂಗ್ ಮರಳಿಸಿದಾಗ ಅಸುರಕ್ಷಿತ ಟೆಲ್ನೆಟ್ ಮತ್ತು ಎಲ್ಲರಿಗೂ ಗೊತ್ತಿರುವ ‘ಪಬ್ಲಿಕ್’ ಎಂಬ ಎಸ್‌ಎನ್‌ಎಂಪಿ ಗುಟ್ಟುಪದ ಕೂಡ ಅದರ ಜೊತೆಗೇ ವಾಪಸಾಗುತ್ತವೆ. ಆವೃತ್ತಿ ಸಂಖ್ಯೆ ಹೊಸದು, ಬಾಗಿಲು ಹಳೆಯದೇ. ಆದ್ದರಿಂದ ಬ್ಯಾಕಪ್ ಇದೆಯೇ ಎಂದು ಕೇಳಬೇಡಿ. ಅದೇ ಮಾದರಿಯ ಬದಲಿ ಸಾಧನಕ್ಕೆ ಆ ಬ್ಯಾಕಪ್ ಹಾಕಿ, ಯಂತ್ರ ನಡೆಸುವ ನಿಯಂತ್ರಕದ (ಪಿಎಲ್‌ಸಿ) ಜೊತೆ ಅದು ಮಾತಾಡುತ್ತದೆಯೇ ಎಂದು ನೋಡಿ. ಬದಲಿ ಸಾಧನ ಕೊಳ್ಳುವುದು ದಂಡದ ಖರ್ಚು ಎಂಬ ಲೆಕ್ಕಪತ್ರ ವಿಭಾಗದ ಆಕ್ಷೇಪ ಸಹಜವೇ. ಆದರೆ ಒಂದು ಪಾಳಿಯ ಉತ್ಪಾದನೆ ನಿಂತರೆ ಆಗುವ ನಷ್ಟವನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಮಾತು ಹೆಚ್ಚು ಹೊತ್ತು ನಿಲ್ಲದು. ಅದೇ ಸಾಧನದ ಮೇಲೆ ಹೊಸ ಫರ್ಮ್‌ವೇರನ್ನೂ ಮೊದಲು ಪರೀಕ್ಷಿಸಬಹುದು.

ನಂತರದ ಕೆಲಸ ನೇರ. ಫೈಲ್ ತಯಾರಕರ ಅಧಿಕೃತ ತಾಣದ್ದೇ ಆಗಿರಲಿ, ಎಸ್‌ಎಚ್‌ಎ-256 ಹ್ಯಾಶ್ ತಾಳೆ ನೋಡಿ. ಮಧ್ಯದ ಆವೃತ್ತಿಯೊಂದನ್ನು ದಾಟಿ ಹೋಗಬೇಕೇ ಎಂಬುದನ್ನು ರಿಲೀಸ್ ನೋಟ್‌ನಲ್ಲಿ ಓದಿ. ಯುಪಿಎಸ್ ಮೇಲೆ, ಕೇಬಲ್ ಮೂಲಕವೇ ತುಂಬಿ. ಸಾಲಾಗಿ ಜೋಡಿಸಿದ ಸ್ವಿಚ್‌ಗಳಲ್ಲಿ ನಿಮ್ಮಿಂದ ಅತಿ ದೂರದ್ದರಿಂದ ಆರಂಭಿಸಿ, ಒಂದು ಸರಿಯಾಗಿ ಎದ್ದ ಮೇಲಷ್ಟೇ ಮುಂದಿನದು. ಮುಗಿದ ಮೇಲೆ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ನೋಡಿ, ಪಾಸ್‌ವರ್ಡ್ ಬದಲಿಸಿ, ಬಳಸದ ಸೇವೆಗಳನ್ನು ಮುಚ್ಚಿ.

ತಯಾರಕರು ಬೆಂಬಲ ನಿಲ್ಲಿಸಿದ ಸಾಧನವಾದರೆ ಫೈರ್‌ವಾಲ್ ಹಿಂದಿಡಿ. ಯಂತ್ರಗಳು ಪರಸ್ಪರ ಮಾತಾಡಲು ಬಳಸುವ ಮಾಡ್‌ಬಸ್‌ನ 502 ಪೋರ್ಟ್ ಬೇಕಾದ ಯಂತ್ರಗಳಿಗಷ್ಟೇ ತೆರೆದಿರಲಿ. ಮೂಲ ಮಾಡ್‌ಬಸ್‌ಗೆ ಪಾಸ್‌ವರ್ಡ್ ಕೇಳುವುದೇ ಗೊತ್ತಿಲ್ಲ. ನಿಯಂತ್ರಕದ ಕೀಲಿಯನ್ನು ‘ಪ್ರೋಗ್ರಾಂ’ ಸ್ಥಾನದಲ್ಲಿ ಬಿಡಬೇಡಿ. 2017ರಲ್ಲಿ ಸೌದಿ ಅರೇಬಿಯಾದ ಸ್ಥಾವರದಲ್ಲಿ ಟ್ರೈಟನ್ ಎಂಬ ಕುತಂತ್ರಾಂಶದ ದಾಳಿಗೆ ದಾರಿಯಾದದ್ದು ಅದೇ. ದಾಳಿ ನಡೆದದ್ದು ಗಮನಕ್ಕೆ ಬಂದರೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕೆಂಬುದು 2022ರ ನಿರ್ದೇಶನ. ಮುಂದಿನ ಖರೀದಿ ಆದೇಶದಲ್ಲಿ ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆಂದು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರಿಂದ ಕೊಳ್ಳಬೇಡಿ.