ಬಣ್ಣದ ಪೆಟ್ಟಿಗೆ: ಆಟವೋ, ಜೂಜೋ?

ಜಾತ್ರೆ ನೋಡದವರು ಯಾರಿದ್ದಾರೆ? ಜಾತ್ರೆಯಲ್ಲಿ ಬಳೆ ಅಂಗಡಿ ಇರುತ್ತದೆ. ಬೆಂಡು ಬತ್ತಾಸಿನ ಅಂಗಡಿ ಇರುತ್ತದೆ. ಬಳೆಗಾರನಿಗೆ ದುಡ್ಡು ಕೊಡುತ್ತೇವೆ. ಬಳೆ ತೊಟ್ಟು ಬರುತ್ತೇವೆ. ಎಷ್ಟು ಕೊಟ್ಟೆವು, ಏನು ಬಂತು, ಎರಡೂ ಗೊತ್ತು.

ಪಕ್ಕದಲ್ಲೇ ಇನ್ನೊಬ್ಬ ಕೂತಿರುತ್ತಾನೆ. ಅವನ ಮುಂದೆ ಒಂದು ಹಲಗೆ. ಹಲಗೆಯ ತುಂಬ ಮಡಿಸಿದ ಚೀಟಿ. 10 ರೂಪಾಯಿ ಕೊಟ್ಟು ಒಂದು ಚೀಟಿ ಕೀಳಬೇಕು. ಒಳಗೆ ನಂಬರು ಇರುತ್ತದೆ. ನಂಬರಿಗೆ ತಕ್ಕ ಬಹುಮಾನ. ಕಣ್ಣಿಗೆ ಕಾಣುವ ಹಾಗೆ ಸ್ಟೀಲಿನ ಕೊಡ, ಗೋಡೆ ಗಡಿಯಾರ ಜೋಡಿಸಿಟ್ಟಿರುತ್ತಾನೆ. ಕೈಗೆ ಬರುವುದು ಮಾತ್ರ ಬಾಚಣಿಗೆ, ಪೆಪ್ಪರ್‌ಮೆಂಟು.

ಆ ಹಲಗೆ ಈಗ ಮೊಬೈಲಿನೊಳಗೆ ಬಂದಿದೆ.

ನಮ್ಮ ಮಕ್ಕಳು ಮೊಬೈಲಿನಲ್ಲಿ ಆಟ ಆಡುತ್ತಾರೆ. ಹೆಚ್ಚಿನ ಆಟ ಪುಕ್ಕಟೆ. ಪುಕ್ಕಟೆ ಆಟ ಮಾಡಿದವನಿಗೆ ದುಡ್ಡು ಎಲ್ಲಿಂದ ಬರುತ್ತದೆ? ಆಟದ ಒಳಗೆ ಒಂದು ಅಂಗಡಿ ಇಟ್ಟಿರುತ್ತಾನೆ. ಅಲ್ಲಿ ಬಂದೂಕಿಗೆ ಬಣ್ಣ ಸಿಗುತ್ತದೆ. ಆಟದ ಗೊಂಬೆಗೆ ಅಂಗಿ ಸಿಗುತ್ತದೆ. ಕೆಲವನ್ನು ನೇರವಾಗಿ ಕೊಳ್ಳಬಹುದು. ಅದು ಬಳೆ ಅಂಗಡಿಯ ವ್ಯಾಪಾರ. ಆದರೆ ಎಲ್ಲರೂ ಆಸೆಪಡುವ ಸಾಮಾನನ್ನು ಹಾಗೆ ಕೊಡುವುದಿಲ್ಲ. ಒಂದು ಮುಚ್ಚಿದ ಪೆಟ್ಟಿಗೆ ತೋರಿಸುತ್ತಾರೆ. ದುಡ್ಡು ಕೊಟ್ಟು ಪೆಟ್ಟಿಗೆ ತೆರೆಯಬೇಕು. ಒಳಗೆ ಏನಿದೆ ಅಂತ ತೆರೆದ ಮೇಲೇ ಗೊತ್ತಾಗೋದು. ಇದಕ್ಕೆ ಲೂಟ್ ಬಾಕ್ಸ್ ಎಂದು ಹೆಸರು. ಕೆಲವು ಆಟಗಳಲ್ಲಿ ಕ್ರೇಟ್ ಅಂತಾರೆ, ಕೆಲವದರಲ್ಲಿ ಪ್ಯಾಕ್ ಅಂತಾರೆ. ಲೂಟ್ ಎಂಬುದು ಇಂಗ್ಲಿಷಿನವರು ಹಿಂದಿಯಿಂದ ಒಯ್ದ ಮಾತು. ನಮ್ಮ ಲೂಟಿಯೂ ಅದೇ. ಹೆಸರಿಟ್ಟವರು ಸುಳ್ಳು ಹೇಳಿಲ್ಲ ನೋಡಿ!

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಒಂದು ಸಂಜೆ ಪಾಸ್‌ಬುಕ್ ತಂದರು. ಅಂಕಿ ಕಲಿತ ಮೇಲೆ ಅವರು ತಾವೇ ಓದಿದ ಮೊದಲ ಪಾಸ್‌ಬುಕ್ ಅದು. 99, 99, 199, 99. ಹೀಗೆ 14 ಸಾಲು. 99ರ ಸಾಲು 11. 199ರ ಸಾಲು 3. ಎಲ್ಲರೂ ಸೇರಿ ಕೂಡಿದೆವು. 1,686 ರೂಪಾಯಿ ಆಯಿತು. ಸಂಘದ ಸಾಲದ ಕಂತಿಗೆ ಇಟ್ಟಿದ್ದ ಕೂಲಿ ದುಡ್ಡು ಅದು. 8ನೇ ತರಗತಿಯ ಮಗ ಪೆಟ್ಟಿಗೆ ಕೊಂಡಿದ್ದ. ಪಿನ್ ಅವನಿಗೆ ಗೊತ್ತಿತ್ತು. ತಾಯಿಗೆ ಓದು ಬಾರದಿದ್ದ ಕಾಲದಿಂದ ಅವನೇ ಒತ್ತಿಕೊಡುತ್ತಿದ್ದ.

ಆ ಅಕ್ಕ ಕೇಳಿದರು: "ಟೀಚರ್, ನನ್ ಮಗ ಜೂಜಾಡಿದ್ನೋ, ಆಟದ ಸಾಮಾನು ಕೊಂಡ್ನೋ? ಅದನ್ನ ಹೇಳಿ. ಆಮೇಲೆ ಅವನನ್ನ ವಿಚಾರಿಸ್ತೀನಿ."

ಒಳ್ಳೆಯ ಪ್ರಶ್ನೆ. ಇದೇ ಪ್ರಶ್ನೆಗೆ ದೊಡ್ಡ ದೊಡ್ಡ ದೇಶಗಳ ಕೋರ್ಟುಗಳೂ ತಲೆ ಕೆಡಿಸಿಕೊಂಡಿವೆ.

ಯುರೋಪಿನಲ್ಲಿ ಬೆಲ್ಜಿಯಂ ಎಂಬ ಚಿಕ್ಕ ದೇಶ ಇದೆ. ಅಲ್ಲಿ 1999ರ ಒಂದು ಜೂಜು ಕಾನೂನು ಇದೆ. ಆ ಕಾನೂನು ಜೂಜಿಗೆ 4 ಗುರುತು ಹೇಳುತ್ತದೆ. ಒಂದು ಆಟ ಇರಬೇಕು. ಪಣ ಕಟ್ಟಬೇಕು. ಗೆಲುವು ಇಲ್ಲವೇ ಸೋಲು ಇರಬೇಕು. ಅದರಲ್ಲಿ ಅದೃಷ್ಟದ ಕೈವಾಡ ಇರಬೇಕು. ಜಾತ್ರೆಯ ಚೀಟಿ ಹಲಗೆಗೆ ಈ ಗುರುತು ಹಾಕಿ ನೋಡಿ. ನಾಲ್ಕೂ ಕೂಡುತ್ತವೆ. ಬಳೆ ಅಂಗಡಿಗೆ ಹಾಕಿ ನೋಡಿ. ಕೂಡುವುದಿಲ್ಲ. ಇನ್ನು ಮೊಬೈಲಿನ ಪೆಟ್ಟಿಗೆ?

2018ರ ಏಪ್ರಿಲ್‌ನಲ್ಲಿ ಆ ದೇಶದ ಜೂಜು ಆಯೋಗ 4 ಆಟಗಳನ್ನು ಪರೀಕ್ಷೆ ಮಾಡಿತು. 3 ಆಟಗಳ ಪೆಟ್ಟಿಗೆ ಜೂಜೇ ಹೌದು ಎಂದಿತು. ನಾಲ್ಕನೆಯ ಆಟದವರು ಅಷ್ಟರಲ್ಲಿ ತಮ್ಮ ಪೆಟ್ಟಿಗೆ ವ್ಯಾಪಾರ ನಿಲ್ಲಿಸಿದ್ದರು. ಗೆದ್ದದ್ದನ್ನು ಮಾರಿ ದುಡ್ಡು ಮಾಡಲೇಬೇಕು ಅಂತೇನೂ ಇಲ್ಲ, ಆಡುವವನಿಗೆ ಅದು ಬೆಲೆಯುಳ್ಳದ್ದಾದರೆ ಸಾಕು ಎಂಬುದು ಆಯೋಗದ ಮಾತು. ಆ ಮೂರರಲ್ಲಿ ಫಿಫಾ ಎಂಬ ಕಾಲ್ಚೆಂಡಿನ ಆಟವೂ ಒಂದು. ಅದರ ಪೆಟ್ಟಿಗೆಯೊಳಗೆ ಆಟಗಾರರ ಚಿತ್ರದ ಕಾರ್ಡು ಬರುತ್ತದೆ. ಒಳ್ಳೆಯ ಆಟಗಾರ ಸಿಕ್ಕರೆ ನಮ್ಮ ತಂಡ ಗೆಲ್ಲುತ್ತದೆ. ಆಟ ಮಾಡಿದ ಇಎ ಎಂಬ ಅಮೆರಿಕದ ಕಂಪನಿ ಮೊದಲು ಒಪ್ಪಲಿಲ್ಲ. ಕಡೆಗೆ 2019ರ ಜನವರಿಯಲ್ಲಿ, ಪೆಟ್ಟಿಗೆ ತೆರೆಯಲು ಬೇಕಾದ ಪಾಯಿಂಟು ಮಾರುವುದನ್ನು ಬೆಲ್ಜಿಯಂನಲ್ಲಿ ನಿಲ್ಲಿಸಿತು.

ಬೆಲ್ಜಿಯಂ ಪಕ್ಕದಲ್ಲೇ ನೆದರ್‌ಲ್ಯಾಂಡ್ಸ್ ದೇಶ. ಅಲ್ಲಿನ ಜೂಜು ಇಲಾಖೆ ಇದೇ ಫಿಫಾ ಆಟಕ್ಕೆ ದಂಡ ಹಾಕಿತು. ಎಷ್ಟು ಗೊತ್ತಾ? 1 ಕೋಟಿ ಯೂರೋ. ನಮ್ಮ ಲೆಕ್ಕದಲ್ಲಿ 80 ಕೋಟಿ ರೂಪಾಯಿಗೂ ಮೇಲೆ. 2020ರಲ್ಲಿ ಒಂದು ಕೋರ್ಟು ದಂಡ ಸರಿ ಎಂದಿತು. ಆದರೆ 2022ರ ಮಾರ್ಚ್‌ನಲ್ಲಿ ಮೇಲಿನ ಕೋರ್ಟು ದಂಡವನ್ನು ರದ್ದು ಮಾಡಿತು. ಪೆಟ್ಟಿಗೆ ತೆರೆಯುವುದು ಬೇರೆ ಆಟ ಅಲ್ಲ, ದೊಡ್ಡ ಆಟದ ಒಂದು ಭಾಗ. ದೊಡ್ಡ ಆಟದಲ್ಲಿ ಕೈಚಳಕ ಬೇಕು. ಆದ್ದರಿಂದ ಅದು ಜೂಜಲ್ಲ. ಹೀಗೆ ತೀರ್ಪು ಬಂತು.

ಒಂದೇ ಆಟ. ಒಂದೇ ಪೆಟ್ಟಿಗೆ. ಗಡಿಯ ಈಚೆಗೆ ಜೂಜು, ಆಚೆಗೆ ಜೂಜಲ್ಲ. ಕೇಳಿದರೆ ನಗು ಬರುತ್ತದೆ ಅಲ್ವಾ?

ಬ್ರಿಟನ್ ದೇಶದವರದು ಮತ್ತೊಂದು ವಾದ. ಅವರ 2005ರ ಕಾನೂನಿನ ಪ್ರಕಾರ ಗೆಲ್ಲುವ ಬಹುಮಾನ ಹಣವಾಗಿರಬೇಕು, ಇಲ್ಲವೇ ಹಣದ ಬೆಲೆ ಇರುವ ವಸ್ತುವಾಗಿರಬೇಕು. ಗೊಂಬೆಯ ಅಂಗಿ ಆಟದಿಂದ ಹೊರಗೆ ಬರುವುದಿಲ್ಲ. ಮಾರಲು ಬಾರದು ಎಂದರೆ ಅದು ಹಣ ಅಲ್ಲ, ಎಂದರು. 2022ರ ಜುಲೈನಲ್ಲಿ ಅಲ್ಲಿನ ಸರ್ಕಾರ ಕಾನೂನು ಬದಲಿಸುವುದಿಲ್ಲ ಎಂದು ಹೇಳಿತು. ತಾಯಿತಂದೆ ಒಪ್ಪದೆ ಮಕ್ಕಳು ಪೆಟ್ಟಿಗೆ ಕೊಳ್ಳದ ಹಾಗೆ ಕಂಪನಿಗಳೇ ನೋಡಿಕೊಳ್ಳಲಿ ಎಂದಿತು. ಬೆಕ್ಕಿಗೇ ಹಾಲು ಕಾಯಲು ಹೇಳಿದ ಹಾಗಾಯಿತು ಅಂತ ನಮಗನ್ನಿಸುತ್ತದೆ.

ನಮ್ಮ ದೇಶದ ಕಥೆ ಏನು? ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಿತು. ಗಂಡಂದಿರ ಸಂಬಳ ಲಾಟರಿ ಅಂಗಡಿಗೆ ಹೋಗುತ್ತಿದ್ದ ದಿನ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾನೂನು ಮಾಡಿತು. ಹಣ ಕಟ್ಟಿ, ಹಣ ಗೆಲ್ಲುವ ಆಸೆಯಿಂದ ಆಡುವ ಆಟ ನಡೆಸಬಾರದು. ಅದು ಜಾಣತನದ ಆಟವಾಗಲಿ, ಅದೃಷ್ಟದ ಆಟವಾಗಲಿ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಪಣ ಎಂದರೆ ನೋಟು ಮಾತ್ರ ಅಲ್ಲ, ದುಡ್ಡಿಗೆ ಸಮನಾದ ಕಾಯಿನ್, ಟೋಕನ್ ಕೂಡ ಪಣವೇ ಎಂದು ಬರೆದಿದ್ದಾರೆ. ಆದರೆ ಲೂಟ್ ಬಾಕ್ಸ್ ಎಂಬ ಹೆಸರು ಆ ಕಾನೂನಿನಲ್ಲಿ ಇಲ್ಲ.

ಹಾಗಾದರೆ ಆ ಅಕ್ಕನಿಗೆ ನಾವು ಏನು ಹೇಳಿದೆವು? ಕೋರ್ಟಿನ ಮಾತು ಕೋರ್ಟಿಗೆ ಇರಲಿ. ತಾಯಿಗೆ ಬೇಕಾದ ಲೆಕ್ಕ ಬೇರೆ. ಕೊಟ್ಟ ದುಡ್ಡು ನಿಜ. ಬರುವ ಸಾಮಾನು ಅದೃಷ್ಟ. ಮಗನ ಮನಸ್ಸಿಗೆ ಅದು ಜೂಜೇ. ಹೀಗಂತ ಹೇಳಿದೆವು.

ಯಾಕೆ ಹೀಗೆ ಹೇಳುತ್ತೇವೆ? ಅಮೆರಿಕದಲ್ಲಿ ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಇದ್ದರು. ಅವರು ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದರು. ಪಾರಿವಾಳ ಒಂದು ಗುಂಡಿಯನ್ನು ಕುಟುಕಿದರೆ ಕಾಳು ಬೀಳುತ್ತದೆ. ಕುಟುಕಿದಾಗಲೆಲ್ಲ ಕಾಳು ಬೀಳುತ್ತಿದ್ದು, ಆಮೇಲೆ ನಿಂತರೆ, ಪಾರಿವಾಳವೂ ಬೇಗ ಬಿಟ್ಟುಬಿಡುತ್ತದೆ. ಆದರೆ ಒಮ್ಮೆ ಬಿದ್ದು, ಹತ್ತು ಸಲ ಬೀಳದೆ, ಮತ್ತೆ ಯಾವಾಗಲೋ ಬಿದ್ದರೆ? ಆಗ ಪಾರಿವಾಳ ಬಿಡುವುದೇ ಇಲ್ಲ. ಕಾಳು ಪೂರ್ತಿ ನಿಲ್ಲಿಸಿದರೂ ಬಹಳ ಹೊತ್ತು ಕುಟುಕುತ್ತಲೇ ಇರುತ್ತದೆ. ಈಗ ಬರಬಹುದು, ಈಗ ಬರಬಹುದು ಅನ್ನುವ ಆಸೆ. ಪಗಡೆಗೆ ಕೂತ ಧರ್ಮರಾಯನಿಗೂ ಮುಂದಿನ ದಾಳ ನನ್ನದೇ ಅನಿಸಿತ್ತು.

2018ರಲ್ಲಿ ಇಬ್ಬರು ಸಂಶೋಧಕರು 7,000ಕ್ಕೂ ಹೆಚ್ಚು ಆಟಗಾರರನ್ನು ವಿಚಾರಿಸಿದರು. ಪೆಟ್ಟಿಗೆಗೆ ಹೆಚ್ಚು ದುಡ್ಡು ಸುರಿಯುವವರಲ್ಲಿ ಜೂಜಿನ ಗೀಳೂ ಹೆಚ್ಚು ಎಂದು ಕಂಡರು. ಪೆಟ್ಟಿಗೆಯಿಂದ ಗೀಳು ಬಂತೋ, ಗೀಳು ಇದ್ದವರು ಪೆಟ್ಟಿಗೆಗೆ ಬಂದರೋ, ಅದು ಈ ಲೆಕ್ಕದಿಂದ ತಿಳಿಯುವುದಿಲ್ಲ. ಎರಡರಲ್ಲಿ ಯಾವುದಾದರೂ ನಷ್ಟ ಮನೆಗೇ.

ಈಗ ಒಂದು ಲೆಕ್ಕ ನೋಡೋಣ. ಸ್ವಲ್ಪ ನಿಧಾನವಾಗಿ ಓದಿ. ಒಂದು ಪೆಟ್ಟಿಗೆಗೆ 50 ರೂಪಾಯಿ ಅಂದುಕೊಳ್ಳಿ. ಒಳ್ಳೆಯ ಸಾಮಾನು ಸಿಗುವ ಸಂಭವ 100ಕ್ಕೆ 1. ಮಗ ಹೇಳುತ್ತಾನೆ: "ಅಮ್ಮಾ, 100 ಪೆಟ್ಟಿಗೆ ತೆಗೆದ್ರೆ ಒಂದು ಸಿಕ್ಕೇ ಸಿಗುತ್ತೆ." ಈ ಮಾತು ಸರಿಯೇ? ಸರಿಯಲ್ಲ. ಪೆಟ್ಟಿಗೆಗೆ ನೆನಪು ಇರುವುದಿಲ್ಲ. ಹಿಂದಿನ 99 ಪೆಟ್ಟಿಗೆ ಖಾಲಿ ಹೋಯಿತು ಎಂದು ನೂರನೆಯ ಪೆಟ್ಟಿಗೆಗೆ ಗೊತ್ತಿಲ್ಲ. 100 ಮಕ್ಕಳು ತಲಾ 100 ಪೆಟ್ಟಿಗೆ ತೆರೆದರು ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರ ಖರ್ಚು 5,000 ರೂಪಾಯಿ. ಸುಮಾರು 63 ಮಕ್ಕಳಿಗೆ ಒಂದಾದರೂ ಸಿಗುತ್ತದೆ. ಸುಮಾರು 37 ಮಕ್ಕಳು ಬರಿಗೈ. ಕೆಲವು ಆಟದವರು ಇಷ್ಟು ಪೆಟ್ಟಿಗೆ ಆದ ಮೇಲೆ ಖಂಡಿತ ಕೊಡುತ್ತೇವೆ ಎಂದು ನಿಯಮ ಇಟ್ಟಿರುತ್ತಾರೆ. ಅಲ್ಲಿಯವರೆಗೆ ಖರ್ಚು ಮಾಡಿಸುವುದೇ ಅವರ ಉದ್ದೇಶ.

100ಕ್ಕೆ ಎಷ್ಟು ಎಂಬ ಸಂಭವವನ್ನು ಬಚ್ಚಿಡಬಾರದು ಎಂಬ ನಿಯಮವನ್ನು ಚೀನಾ ದೇಶ 2017ರಲ್ಲಿ ಜಾರಿಗೆ ತಂದಿತು. ಅದೇ ವರ್ಷ ಆಪಲ್ ಕಂಪನಿಯೂ ತನ್ನ ಅಂಗಡಿಯ ಆಟಗಳಿಗೆ ಈ ನಿಯಮ ಹಾಕಿತು. ಆದ್ದರಿಂದ ಹಲವು ಆಟಗಳಲ್ಲಿ ಈ ಅಂಕಿ ಎಲ್ಲೋ ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಿಸಿ. ನೀವೇ ಓದಿ. ಬೈಗುಳಕ್ಕಿಂತ ಆ ಅಂಕಿ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಚಾಲಾಕಿ ಇದೆ. ಪೆಟ್ಟಿಗೆಯ ಬೆಲೆಯನ್ನು ಹೆಚ್ಚಾಗಿ ರೂಪಾಯಿಯಲ್ಲಿ ಬರೆಯುವುದಿಲ್ಲ. ಮೊದಲು ರೂಪಾಯಿ ಕೊಟ್ಟು ಕಾಯಿನ್ ಕೊಳ್ಳಬೇಕು. ಕಾಯಿನ್ ಕೊಟ್ಟು ಪೆಟ್ಟಿಗೆ ತೆರೆಯಬೇಕು. 60 ಕಾಯಿನ್ ಹೋದರೆ ಮಗುವಿಗೆ ಅದು ದುಡ್ಡು ಅನಿಸುವುದೇ ಇಲ್ಲ.

ಫೋನು ಕಿತ್ತುಕೊಳ್ಳಿ ಅಂತ ನಾವು ಹೇಳುವುದಿಲ್ಲ. ಶಾಲೆಯ ಪಾಠವೂ ಈಗ ಅದರಲ್ಲೇ ಬರುತ್ತದೆ. ಆದರೆ ಪಿನ್ ನಿಮ್ಮದು. ಆ ಅಕ್ಕ ಮರುದಿನವೇ ಪಿನ್ ಬದಲಿಸಿದರು. ಅಂಕಿಗಳನ್ನು ತಾವೇ ಒತ್ತಿದರು. ಮಗನಿಗೆ ಹೊಡೆಯಲಿಲ್ಲ. 14 ಸಾಲನ್ನೂ ಅವನಿಂದಲೇ ಓದಿಸಿ ಕೂಡಿಸಿದರು. ಅದು ತಾಯಿಯ ಎಷ್ಟು ದಿನದ ಕೂಲಿ ಎಂದು ಅವನೇ ಭಾಗಿಸಿ ಹೇಳಬೇಕಾಯಿತು. ಹುಡುಗ ತಲೆ ತಗ್ಗಿಸಿ ಕೂತಿದ್ದನಂತೆ.

ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಬಹುದು. ಗೊತ್ತಿದ್ದವರಿಂದ ಮಾಡಿಸಿಕೊಳ್ಳಿ. ಪುಕ್ಕಟೆ ಕಾಯಿನ್ ಕೊಡುತ್ತೇವೆ ಎಂದು ಲಿಂಕ್ ಕಳಿಸುವವರು ಬೇರೆ. ಅವರು ಕಳ್ಳರು. ಅದನ್ನು ಒತ್ತಿ ಖಾತೆಯಿಂದ ದುಡ್ಡು ಹೋದರೆ ತಡ ಮಾಡದೆ 1930 ನಂಬರಿಗೆ ಫೋನ್ ಮಾಡಿ.

ಓದಿ ಬರೆಯಿರಿ:
ಪಣ, ಜೂಜು, ಸಂಭವ, ಅದೃಷ್ಟ, ಪೆಟ್ಟಿಗೆ, ತೀರ್ಪು.

ಲೆಕ್ಕ ಮಾಡಿ:
ಒಂದು ಪೆಟ್ಟಿಗೆಗೆ 30 ರೂಪಾಯಿ. ವಾರಕ್ಕೆ 4 ಪೆಟ್ಟಿಗೆ ಕೊಂಡರೆ 4 ವಾರಕ್ಕೆ ಎಷ್ಟು ರೂಪಾಯಿ?

ಗುಂಪಿನಲ್ಲಿ ಮಾತಾಡಿ:
ಜಾತ್ರೆಯ ಚೀಟಿ ಹಲಗೆ, ಲಾಟರಿ, ಮಕ್ಕಳ ಚಿಪ್ಸ್ ಪೊಟ್ಟಣದೊಳಗೆ ಬರುವ ಆಟಿಕೆ. ಬೆಲ್ಜಿಯಂನವರ 4 ಗುರುತನ್ನು ಮೂರಕ್ಕೂ ಹಾಕಿ ನೋಡಿ. ಯಾವುದಕ್ಕೆ ಎಷ್ಟು ಗುರುತು ಕೂಡಿತು?