ಆರೋಪ ಮತ್ತು ಅಪರಾಧ

ಚಾಮರಾಜನಗರ ಜಿಲ್ಲೆಯಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿವೆ. ಕೊಳ್ಳೇಗಾಲವು ರೇಷ್ಮೆಗೂ, ಹನೂರು ಮಲೆಯ ಮಹದೇಶ್ವರನ ಕ್ಷೇತ್ರಕ್ಕೂ, ಯಳಂದೂರು ಬಿಳಿಗಿರಿರಂಗನ ಬೆಟ್ಟಕ್ಕೂ ಹೆಸರಾಗಿವೆ. ಎಪ್ಪತ್ತೇಳು ಮಲೆಗಳೆಂದು ಜನಪದರು ಕೊಂಡಾಡುವ ಈ ಸೀಮೆ ಸೋಲಿಗರ ತವರು. ಕಂಸಾಳೆಯ ನಾದಕ್ಕೆ ಮಾರುಹೋದ ನಾಡು. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇಲ್ಲಿನ ಕಾಡುಗಳಲ್ಲಿ ಬಂದೂಕಿನ ಸದ್ದು ಕೇಳಿಬಂದಿತು. ಅಪರಾಧವನ್ನು ಅಡಗಿಸುವುದು ಹೇಗೆ, ನಿರಪರಾಧಿಯನ್ನು ಕಾಪಾಡುವುದು ಹೇಗೆ ಎಂಬ ಎರಡು ಪ್ರಶ್ನೆಗಳು ಆಗ ಇಲ್ಲಿ ಏಕಕಾಲದಲ್ಲಿ ಎದ್ದು ನಿಂತವು.

ಗಂಧದ ಮರವನ್ನೂ ಆನೆಯ ದಂತವನ್ನೂ ಕದ್ದು ಸಾಗಿಸುತ್ತಿದ್ದ ವೀರಪ್ಪನ್ ಗೋಪಿನಾಥಂ ಗ್ರಾಮದವನು. ಅವನನ್ನು ಹಿಡಿಯಲು ೧೯೯೦ರಲ್ಲಿ ವಿಶೇಷ ಕಾರ್ಯಪಡೆ ರಚಿತವಾಯಿತು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಆ ಊರಿನಲ್ಲಿಯೇ ನೆಲೆಸಿ, ಜನರ ಕಷ್ಟಸುಖಗಳಲ್ಲಿ ಭಾಗಿಯಾಗಿ, ಅವನ ಸಂಗಡಿಗರ ಮನವೊಲಿಸಲು ಯತ್ನಿಸಿದರು. ಶರಣಾಗುವೆನೆಂಬ ಅವನ ಮಾತನ್ನು ನಂಬಿ ನಿರಾಯುಧರಾಗಿ ಹೋದ ಆ ಸಾಹಸಿಯನ್ನು ೧೯೯೧ರ ನವೆಂಬರ್ ೧೦ರಂದು ಕೊಲ್ಲಲಾಯಿತು. ಮರುವರ್ಷ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಯಿತು. ಅದೇ ವರ್ಷ ಆಗಸ್ಟ್ ೧೪ರಂದು ಮೀಣ್ಯದ ಬಳಿ ಪೊಲೀಸ್ ಸೂಪರಿಂಟೆಂಡೆಂಟ್ ಟಿ. ಹರಿಕೃಷ್ಣ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಾರರು ಹೊಂಚುದಾಳಿಗೆ ಬಲಿಯಾದರು. ೧೯೯೩ರ ಏಪ್ರಿಲ್ ೯ರಂದು ಪಾಲಾರ್ ಸಮೀಪದ ಕಾಡುದಾರಿಯಲ್ಲಿ ನೆಲಬಾಂಬುಗಳು ಸಿಡಿದು ೨೨ ಮಂದಿ ಪ್ರಾಣ ಕಳೆದುಕೊಂಡರು.

ಇಂತಹ ಕ್ರೌರ್ಯವನ್ನು ಕಂಡು ಯಾವ ಸರಕಾರವೂ ಕೈಕಟ್ಟಿ ಕುಳಿತಿರಲಾರದು. ಕಾಡಂಚಿನ ಹಳ್ಳಿಗಳಲ್ಲಿ ಬಂಧನಗಳು ನಡೆದವು. ಬಂಧಿತರಾದ ನೂರಕ್ಕೂ ಹೆಚ್ಚು ಮಂದಿಯ ಮೇಲೆ, ೧೯೮೭ರಲ್ಲಿ ಸಂಸತ್ತು ಅಂಗೀಕರಿಸಿದ್ದ ‘ಟಾಡಾ’ ಎಂಬ ಭಯೋತ್ಪಾದನಾ ತಡೆ ಕಾಯಿದೆಯಡಿ ಮೊಕದ್ದಮೆ ಹೂಡಲಾಯಿತು.

ಈ ಕಾಯಿದೆಯ ಸ್ವರೂಪವನ್ನು ಅರಿಯದೆ ಮುಂದಿನ ಕಥೆ ತಿಳಿಯುವುದಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದೆಂಬುದು ೧೮೭೨ರ ಸಾಕ್ಷ್ಯ ಅಧಿನಿಯಮದ ನಿಯಮ. ಬೆದರಿಕೆಯಿಂದಲೋ ಪೆಟ್ಟಿನಿಂದಲೋ ಹೊರಟ ಮಾತು ಸತ್ಯವಾಗಿರಬೇಕೆಂದಿಲ್ಲ ಎಂಬುದೇ ಇದರ ಹಿಂದಿನ ವಿವೇಕ. ಟಾಡಾ ಈ ನಿಯಮವನ್ನು ಸಡಿಲಿಸಿ, ಪೊಲೀಸ್ ಸೂಪರಿಂಟೆಂಡೆಂಟರ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿ ದಾಖಲಿಸಿಕೊಂಡ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಮಾನ್ಯಮಾಡಿತು. ಆರೋಪಿಯು ನಿರಪರಾಧಿಯೆಂದು ನಂಬಲು ಆಧಾರವಿದೆಯೆಂದು ನ್ಯಾಯಾಲಯಕ್ಕೆ ತೋರಿದ ಹೊರತು ಜಾಮೀನು ದೊರೆಯುವುದೂ ದುರ್ಲಭವಾಯಿತು. ೧೯೯೫ರಲ್ಲಿ ಈ ಕಾಯಿದೆಯ ಅವಧಿ ಮುಗಿದುಹೋಯಿತಾದರೂ ಅದರಡಿ ಹೂಡಿದ್ದ ಮೊಕದ್ದಮೆಗಳು ಮುಗಿಯಲಿಲ್ಲ. ಕಾಯಿದೆ ಸತ್ತರೂ ಸೆರೆ ಉಳಿಯಿತು.

ಹೀಗೆ ವರ್ಷಗಳು ಉರುಳುತ್ತಿರಲು, ೨೦೦೦ದ ಜುಲೈ ೩೦ರಂದು ವರನಟ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಗಾಜನೂರಿನಿಂದ ಅಪಹರಿಸಿದನು. ಅವನ ಬೇಡಿಕೆಗಳಲ್ಲಿ, ಮೈಸೂರಿನ ಸೆರೆಮನೆಯಲ್ಲಿದ್ದ ಟಾಡಾ ಬಂಧಿಗಳ ಬಿಡುಗಡೆಯೂ ಒಂದು. ನಾಡಿಗೆ ನಾಡೇ ಕಳವಳದಲ್ಲಿ ಮುಳುಗಿತ್ತು. ಸರಕಾರ ಆ ಬೇಡಿಕೆಗೆ ಸಮ್ಮತಿಸಿ, ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ಆಗ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದವರು ಅಬ್ದುಲ್ ಕರೀಂ. ಅವರು ಮೀಣ್ಯದಲ್ಲಿ ಮಡಿದ ಶಕೀಲ್ ಅಹಮದರ ತಂದೆ. ಒಬ್ಬ ಅಪಹರಣಕಾರನ ಬೆದರಿಕೆಗೆ ಮಣಿದು ಮೊಕದ್ದಮೆಯನ್ನು ಕೈಬಿಡುವುದು ನ್ಯಾಯವೇ ಎಂಬುದು ಆ ವೃದ್ಧ ತಂದೆಯ ಪ್ರಶ್ನೆಯಾಗಿತ್ತು.

ಅದೇ ವರ್ಷ ನವೆಂಬರ್ ೭ರಂದು ಸರ್ವೋಚ್ಚ ನ್ಯಾಯಾಲಯ ಅವರ ಮನವಿಯನ್ನು ಎತ್ತಿಹಿಡಿಯಿತು. ಮೊಕದ್ದಮೆಯನ್ನು ಹಿಂತೆಗೆದುಕೊಳ್ಳುವಾಗ ಸರಕಾರಿ ಅಭಿಯೋಜಕರು ಸ್ವಂತ ವಿವೇಚನೆಯಿಂದ ಸಾರ್ವಜನಿಕ ಹಿತವನ್ನು ತೂಗಿನೋಡಬೇಕು. ನ್ಯಾಯಾಲಯವೂ ಎಲ್ಲವನ್ನು ಪರಿಶೀಲಿಸಿಯೇ ಒಪ್ಪಿಗೆ ಕೊಡಬೇಕು ಎಂಬುದು ತೀರ್ಪಿನ ತಿರುಳು. ಬಂಧಿಗಳ ಬಿಡುಗಡೆಯಾಗಲಿಲ್ಲ. ಆದರೂ ನವೆಂಬರ್ ೧೫ರಂದು, ೧೦೮ ದಿನಗಳ ಸೆರೆಯ ಬಳಿಕ, ರಾಜಕುಮಾರ್ ಕ್ಷೇಮವಾಗಿ ಹಿಂದಿರುಗಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಕಾನೂನಿನ ಗೆಲುವಿನ ಕಥೆಯಷ್ಟೇ ಆಗುತ್ತಿತ್ತು. ಆದರೆ ೨೦೦೧ರ ಸೆಪ್ಟೆಂಬರಿನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತನ್ನ ತೀರ್ಪನ್ನಿತ್ತಾಗ, ಆರೋಪಿಗಳಲ್ಲಿ ಬಹುಪಾಲು ಮಂದಿ ದೋಷಮುಕ್ತರಾದರು. ಶಿಕ್ಷೆಗೊಳಗಾದವರು ಕೆಲವರು ಮಾತ್ರ. ಬಿಡುಗಡೆಯಾದವರಲ್ಲಿ ಎಷ್ಟೋ ಮಂದಿ ತೀರ್ಪಿಗಾಗಿ ವರ್ಷಗಟ್ಟಲೆ ಸೆರೆಯಲ್ಲಿ ಕಾದವರು. ಈ ನಡುವೆ ಹೊಲ ಬೀಡುಬಿದ್ದಿತ್ತು, ಮಕ್ಕಳು ಬೆಳೆದಿದ್ದರು, ಹೆತ್ತವರು ಮುಪ್ಪಾಗಿದ್ದರು. ದೋಷಮುಕ್ತಿಯ ತೀರ್ಪು ಅವರಿಗೆ ಹೆಸರನ್ನು ಮರಳಿ ಕೊಟ್ಟಿತು. ಕಳೆದ ಕಾಲವನ್ನು ಕೊಡಲು ಅದಕ್ಕೆ ಸಾಧ್ಯವಿರಲಿಲ್ಲ.

ಅಬ್ದುಲ್ ಕರೀಂ ಅವರ ವಾದ ತಪ್ಪಾಗಿತ್ತೆಂದು ಇದರಿಂದ ಭಾವಿಸಬಾರದು. ಬಂದೂಕಿನ ಬೆದರಿಕೆಯಿಂದ ದೊರೆಯುವ ಬಿಡುಗಡೆಯು ಕಳಂಕವನ್ನು ತೊಳೆಯದು; ವಿಚಾರಣೆಯಿಂದ ದೊರೆತ ಬಿಡುಗಡೆಯೇ ಮರ್ಯಾದೆಯ ಬಿಡುಗಡೆ. ತಪ್ಪಿದ್ದು ವಿಚಾರಣೆಯ ವೇಗದಲ್ಲಿ. ಮಗನನ್ನು ಕಳೆದುಕೊಂಡ ತಂದೆಗೂ, ಸೆರೆಯಲ್ಲಿ ಕೊರಗಿದ ಹಳ್ಳಿಗನಿಗೂ ಬೇಕಾಗಿದ್ದುದು ಒಂದೇ: ಸಕಾಲದಲ್ಲಿ ನಡೆಯುವ ನ್ಯಾಯವಾದ ವಿಚಾರಣೆ.

ಶಿಕ್ಷೆಗೊಳಗಾದವರ ವಿಷಯದಲ್ಲಿಯೂ ಕಾಲವು ತನ್ನ ಪಾತ್ರ ವಹಿಸಿತು. ಪಾಲಾರ್ ಪ್ರಕರಣದ ನಾಲ್ವರ ಜೀವಾವಧಿ ಶಿಕ್ಷೆಯನ್ನು ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಮರಣದಂಡನೆಗೆ ಏರಿಸಿತು. ಅವರ ಕ್ಷಮಾದಾನದ ಅರ್ಜಿಗಳು ಸುಮಾರು ಒಂಬತ್ತು ವರ್ಷ ತೀರ್ಮಾನವಾಗದೆ ಉಳಿದು, ೨೦೧೩ರಲ್ಲಿ ತಿರಸ್ಕೃತವಾದವು. ಕಾರಣವಿಲ್ಲದ ವಿಳಂಬವೂ ಒಂದು ಯಾತನೆಯೇ ಎಂದು ಬಗೆದ ಅದೇ ನ್ಯಾಯಾಲಯ, ೨೦೧೪ರ ಜನವರಿ ೨೧ರಂದು ಆ ಮರಣದಂಡನೆಗಳನ್ನು ಮತ್ತೆ ಜೀವಾವಧಿ ಶಿಕ್ಷೆಗೆ ಇಳಿಸಿತು.

ಕಾರ್ಯಾಚರಣೆಯ ಕಾಲದಲ್ಲಿ ನಡೆದವೆನ್ನಲಾದ ದೌರ್ಜನ್ಯಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೧೯೯೯ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಿತು. ಒಂದು ಕಡೆ ಕಾಡುಗಳ್ಳನ ಭಯ, ಇನ್ನೊಂದು ಕಡೆ ಕಾರ್ಯಪಡೆಯ ಭಯ. ಅಡಕತ್ತರಿಯಲ್ಲಿ ಸಿಕ್ಕಿದ್ದ ಜನ ಸಮಿತಿಯ ಮುಂದೆ ತಮ್ಮ ಅಳಲನ್ನು ತೋಡಿಕೊಂಡರು. ವೀರಪ್ಪನ್ ೨೦೦೪ರ ಅಕ್ಟೋಬರ್ ೧೮ರಂದು ತಮಿಳುನಾಡಿನ ಕಾರ್ಯಪಡೆಯ ಗುಂಡಿಗೆ ಬಲಿಯಾದನು. ಸಮಿತಿಯ ವರದಿಯನ್ನು ಪರಿಶೀಲಿಸಿದ ಆಯೋಗವು ೨೦೦೭ರ ಜನವರಿಯಲ್ಲಿ, ನೊಂದ ೮೯ ಮಂದಿಗೆ ಒಟ್ಟು ೨ ಕೋಟಿ ೮೦ ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಸೂಚಿಸಿತು.

೨೦೨೪ರ ಜುಲೈ ೧ರಿಂದ ದೇಶದಲ್ಲಿ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಿವೆ. ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯ ಕುರಿತ ಹಳೆಯ ನಿಯಮ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವಂಥ ಅಪರಾಧಗಳನ್ನು ಬಿಟ್ಟು, ಉಳಿದವುಗಳಲ್ಲಿ ಹಿಂದೆ ಯಾವ ಅಪರಾಧದಲ್ಲಿಯೂ ದೋಷಿಯೆಂದು ತೀರ್ಮಾನವಾಗದ ಆರೋಪಿಯು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣೆಯ ಹಂತದಲ್ಲಿಯೇ ಸೆರೆಯಲ್ಲಿ ಕಳೆದರೆ, ಬೇರೆ ಮೊಕದ್ದಮೆಗಳು ಇಲ್ಲದಿದ್ದಲ್ಲಿ, ಬಿಡುಗಡೆಗೆ ಅವಕಾಶವಿದೆ. ಬಂಧಿತನನ್ನು ೨೪ ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ ೨೨ನೆಯ ಅನುಚ್ಛೇದದ ಆದೇಶ. ಬಡವನಿಗೆ ಉಚಿತ ಕಾನೂನು ನೆರವು ನೀಡಲು ತಾಲ್ಲೂಕು ಮಟ್ಟದಲ್ಲಿಯೂ ಸೇವಾ ಸಮಿತಿಗಳಿವೆ. ಆದರೆ ಈ ಹಕ್ಕುಗಳು ಬೆಟ್ಟದ ಮೇಲಿನ ಪೋಡಿನಲ್ಲಿ ವಾಸಿಸುವ ಸೋಲಿಗನಿಗೂ ತಿಳಿದಿದ್ದಾಗ ಮಾತ್ರ ಅವಕ್ಕೆ ಅರ್ಥ ಬರುತ್ತದೆ.

ಆರೋಪ ಬೇರೆ, ಅಪರಾಧ ಬೇರೆ. ಇವೆರಡರ ನಡುವಿನ ದಾರಿಯ ಹೆಸರು ವಿಚಾರಣೆ. ಆ ದಾರಿಯನ್ನು ಅಪರಾಧಿ ಬೆದರಿಸಿ ತಪ್ಪಿಸಬಾರದು. ಆಳುವವರು ಅವಸರದಿಂದ ಮುಚ್ಚಬಾರದು. ವಿಳಂಬ ಅದನ್ನು ಕೊನೆಯಿಲ್ಲದಂತೆ ಎಳೆಯಬಾರದು. ಎಪ್ಪತ್ತೇಳು ಮಲೆಗಳ ಜನ ಬಹಳ ಬೆಲೆ ತೆತ್ತು ಕಲಿತ ಪಾಠವಿದು.