ಹೊಸ ಗೋಡೆಯೊಳಗಿನ ಹಳೆಯ ತಂತಿ

ಮನೆ ನವೀಕರಣದ ಅಂದಾಜು ಪಟ್ಟಿಯಲ್ಲಿ ವೈರಿಂಗ್‌ಗೆ ಸಿಗುವುದು ಬಹುಮಟ್ಟಿಗೆ ಕೊನೆಯ ಸ್ಥಾನ; ಟೈಲ್ಸ್, ಅಡುಗೆಮನೆಯ ಕಪಾಟು, ಫಾಲ್ಸ್ ಸೀಲಿಂಗ್, ಬಣ್ಣ ಇವುಗಳಿಗೆ ಹಣ ಹಂಚಿದ ಮೇಲೆ ಉಳಿದ ಮೊತ್ತದಲ್ಲಿ ಹೊಸ ಸ್ವಿಚ್ಚುಗಳನ್ನು ಕೂರಿಸಿ, ಗೋಡೆಯೊಳಗಿನ ತಂತಿಯನ್ನು ಇದ್ದಂತೆಯೇ ಬಿಡುವುದು ವಾಡಿಕೆಯಾಗಿದೆ. ಜೀವದ ದೃಷ್ಟಿಯಿಂದಲೂ ಹಣದ ದೃಷ್ಟಿಯಿಂದಲೂ ಈ ಕ್ರಮ ತಲೆಕೆಳಗಾದದ್ದು, ಏಕೆಂದರೆ ಇಂತಹ ಮನೆಯಲ್ಲಿ ತಂತಿ ಹಳೆಯದಾಗಿಯೇ ಉಳಿದು ಅದರ ಮೇಲಿನ ಹೊರೆ ಮಾತ್ರ ಹೆಚ್ಚುತ್ತದೆ. 2,000 ವ್ಯಾಟ್‌ನ ಇಂಡಕ್ಷನ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಪ್ರವಾಹವನ್ನು ಸೆಳೆದರೆ, 3,000 ವ್ಯಾಟ್‌ನ ಗೀಸರ್ 13 ಆಂಪಿಯರ್ ಸೆಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಪ್ರವಾಹ ಇಮ್ಮಡಿಯಾದಾಗ ಶಾಖ ನಾಲ್ಕು ಪಟ್ಟಾಗುತ್ತದೆ.

ಈ ಅಂಕಣಕಾರರ ಕುಟುಂಬ ಮೈಸೂರಿನಲ್ಲಿ ಕೊಂಡ, ಹಿಂದಿನ ಮಾಲೀಕರು ಮಾರುವ ಮುನ್ನ ನವೀಕರಿಸಿದ್ದ 1980ರ ದಶಕದ ಮನೆ ಇದಕ್ಕೆ ನಿದರ್ಶನ. ಅಡುಗೆಮನೆಯ ಬೋರ್ಡನ್ನು ಬಿಚ್ಚಿಸಿದಾಗ, ಹೊಳೆಯುವ ಮಾಡ್ಯುಲರ್ ಸ್ವಿಚ್ಚುಗಳ ಹಿಂದೆ ಹಳೆಯ ಅಲ್ಯೂಮಿನಿಯಂ ತಂತಿಯನ್ನು ಹೊಸ ತಾಮ್ರದ ತಂತಿಯೊಂದಿಗೆ ಹೊಸೆದು ಟೇಪು ಸುತ್ತಿದ್ದು ಕಂಡಿತು. ಟೇಪಿನ ಅಂಟು ಕರಗಿ ಕಪ್ಪಾಗಿತ್ತು, ಮೂರು ಪಿನ್ನಿನ ಸಾಕೆಟ್ಟಿನ ಮೇಲಿನ ತೂತಿಗೆ ಬರಬೇಕಾಗಿದ್ದ ಹಸಿರು ತಂತಿ, ಅಂದರೆ ಅರ್ಥಿಂಗ್, ಇರಲೇ ಇಲ್ಲ. ಅಲ್ಯೂಮಿನಿಯಂ ಗಾಳಿಗೆ ಒಡ್ಡಿಕೊಂಡೊಡನೆ ಅದರ ಮೇಲೆ ವಿದ್ಯುತ್ತನ್ನು ಹರಿಯಗೊಡದ ಆಕ್ಸೈಡ್ ಪದರ ಕಟ್ಟುತ್ತದೆ, ಅಲ್ಲದೆ ಶಾಖಕ್ಕೆ ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ; ಹೀಗಾಗಿ ಕಾಲಕ್ರಮದಲ್ಲಿ ಸಡಿಲಗೊಳ್ಳುವ ಆ ಗಂಟು, ಉಳಿದ ತಂತಿಯೆಲ್ಲ ತಣ್ಣಗಿದ್ದಾಗಲೂ ತಾನೊಂದೇ ಕಾಯುತ್ತಿರುತ್ತದೆ.

ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಫ್ಯೂಸಿನ ಜಾಗದಲ್ಲಿ ಎಂಸಿಬಿ, ಅಂದರೆ ಮಿತಿಮೀರಿದ ಪ್ರವಾಹವನ್ನು ತಾನಾಗಿ ಕಡಿಯುವ ಸ್ವಿಚ್ಚು, ಬಂದೊಡನೆ ಮನೆ ಸುರಕ್ಷಿತವಾಯಿತೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಸಡಿಲ ಗಂಟಿನ ಮೂಲಕ ಹರಿಯುವ ಪ್ರವಾಹ ಮಿತಿಯೊಳಗೇ ಇರುವುದರಿಂದ ಎಂಸಿಬಿಗೆ ಅದು ಗೊತ್ತಾಗುವುದಿಲ್ಲ. ಹೋಗುವ ಮತ್ತು ಮರಳುವ ಪ್ರವಾಹಗಳ ವ್ಯತ್ಯಾಸವನ್ನು ಅಳೆದು, ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ವಿದ್ಯುತ್ತನ್ನು ನಿಲ್ಲಿಸುವ ಆರ್‌ಸಿಸಿಬಿ ಮನುಷ್ಯರನ್ನು ಶಾಕ್‌ನಿಂದ ಕಾಪಾಡುತ್ತದೆಯಾದರೂ ಅದಕ್ಕೂ ಈ ಗಂಟು ಕಾಣದು. ಅಷ್ಟೇ ಅಲ್ಲ, ಹಳೆಯ ಮನೆಗಳಲ್ಲಿ ಒಂದು ಸರ್ಕ್ಯೂಟಿನ ನ್ಯೂಟ್ರಲ್ಲನ್ನು ಇನ್ನೊಂದಕ್ಕೆ ಜೋಡಿಸಿರುವುದು ಅಥವಾ ನ್ಯೂಟ್ರಲ್ಲನ್ನೇ ಅರ್ಥಿಂಗಿಗೆ ಸೇರಿಸಿರುವುದು ಸಾಮಾನ್ಯವಾದ್ದರಿಂದ, ಹೊಸ ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗುತ್ತದೆ. ಆಗ ದೋಷವನ್ನು ಹುಡುಕುವ ಬದಲು ಉಪಕರಣವನ್ನೇ ಬೈಪಾಸ್ ಮಾಡಿ ಹೋಗುವವರಿದ್ದಾರೆ, ಮತ್ತು ಅಂತಹ ಮನೆಯವರು ತಮಗೆ ಇಲ್ಲದ ರಕ್ಷಣೆ ಇದೆಯೆಂದು ತಿಳಿದು ಬದುಕುತ್ತಾರೆ. ಇದಕ್ಕಿಂತ ಅಪಾಯಕಾರಿಯಾದ ಉಳಿತಾಯ ಇನ್ನೊಂದಿಲ್ಲ.

ಆದುದರಿಂದ ಮೊದಲ ಖರ್ಚು ಪರೀಕ್ಷೆಗೆ ಸಲ್ಲಬೇಕು. ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟ್ ಹಾಯಿಸಿ ತಂತಿಯ ಹೊದಿಕೆಯ ರೋಧವನ್ನು ಅಳೆಯುತ್ತಾರೆ. ಅದು 1 ಮೆಗಾಓಮ್‌ಗಿಂತ ಕಡಿಮೆಯಿದ್ದರೆ ಆ ಸರ್ಕ್ಯೂಟಿನ ತಂತಿಯನ್ನು ಬದಲಿಸುವುದೇ ಲೇಸು. ಸೋರಿಕೆ ಹಣವನ್ನೂ ಸೋರಿಸುತ್ತದೆ: 200 ಮಿಲಿಆಂಪಿಯರ್ ಸೋರುತ್ತಿದ್ದರೆ 46 ವ್ಯಾಟ್, ಅಂದರೆ ತಿಂಗಳಿಗೆ ಸುಮಾರು 33 ಯೂನಿಟ್ ವ್ಯರ್ಥವಾಗುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ಶೂನ್ಯ ಬಿಲ್ ಬರುವ ಮನೆಗಳಲ್ಲಿ ಈ ಎಚ್ಚರಿಕೆಯ ಗಂಟೆ ಕೇಳಿಸದೆ ಹೋಗಬಹುದಾದ್ದರಿಂದ, ಬಿಲ್ಲಿನ ಮೊತ್ತವನ್ನಲ್ಲದೆ ಯೂನಿಟ್‌ಗಳ ಸಂಖ್ಯೆಯನ್ನೂ ಗಮನಿಸಬೇಕು.

ಎರಡು, ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುವ ಆರ್‌ಸಿಸಿಬಿಯನ್ನು, ಸರಿಯಾದ ಅರ್ಥಿಂಗ್ ಸಮೇತ, ಯಾವ ಕಾರಣಕ್ಕೂ ಮುಂದೂಡಬಾರದು. ತರುವಾಯ ಗೀಸರ್ ಮತ್ತು ಎ.ಸಿ.ಗಳಿಗೆ 4 ಚದರ ಮಿ.ಮೀ. ತಾಮ್ರದ ತಂತಿಯನ್ನೂ, ಅಡುಗೆಮನೆಯ ಪವರ್ ಸಾಕೆಟ್ಟುಗಳಿಗೆ 2.5 ಚದರ ಮಿ.ಮೀ. ತಂತಿಯನ್ನೂ ಪ್ರತ್ಯೇಕವಾಗಿ ಎಳೆಸಬೇಕು. ದೀಪ, ಫ್ಯಾನುಗಳ 1.5 ಚದರ ಮಿ.ಮೀ. ತಂತಿಗೆ 10 ಆಂಪಿಯರ್‌ನ ಎಂಸಿಬಿ ಸಾಕು; ಅದು ಬೀಳುತ್ತದೆಂದು 32 ಆಂಪಿಯರ್‌ನದನ್ನು ಹಾಕಿದರೆ ಎಂಸಿಬಿ ಉಳಿದು ತಂತಿ ಸುಡುತ್ತದೆ. ಒಟ್ಟು ಹೊರೆ ಹೆಚ್ಚಿದಾಗ ವಿದ್ಯುತ್ ಕಂಪನಿಯಿಂದ ಮಂಜೂರಾದ ಲೋಡನ್ನು ಏರಿಸಿಕೊಳ್ಳಬೇಕಾಗುತ್ತದೆ, ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕವೂ ಅದರೊಂದಿಗೆ ಏರುತ್ತದೆ. ಈ ಕೆಲಸವೆಲ್ಲ ಗಿಲಾವು ಮತ್ತು ಬಣ್ಣಕ್ಕೆ ಮುಂಚೆ ನಡೆದರೆ ತಂತಿ ಮತ್ತು ಕೂಲಿಯ ಖರ್ಚಿಗೆ ಮುಗಿಯುತ್ತದೆ. ಆಮೇಲೆ ನಡೆದರೆ, ಮೇಲೆ ಹೇಳಿದ ಮನೆಯಲ್ಲಾದಂತೆ, ಗೋಡೆ ಕೊರೆದು ಮುಚ್ಚುವ ಖರ್ಚನ್ನೂ ಮತ್ತೊಮ್ಮೆ ತೆರಬೇಕಾಗುತ್ತದೆ.

ದುರಸ್ತಿಗೆಂದು ಸಾಲ ಪಡೆದವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ಸ್ವಂತ ವಾಸದ ಮನೆಗೆ ವರ್ಷಕ್ಕೆ 30,000 ರೂಪಾಯಿವರೆಗಿನ ಬಡ್ಡಿಗೆ ವಿನಾಯಿತಿ ಕೇಳಬಹುದು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ವಿಮೆಯಲ್ಲಿ, ಶಾರ್ಟ್ ಸರ್ಕ್ಯೂಟಿನಿಂದ ಹಾಳಾದ ಆ ಉಪಕರಣಕ್ಕೆ ಪರಿಹಾರವಿಲ್ಲವಾದರೂ, ಅದರಿಂದ ಬೆಂಕಿ ಹಬ್ಬಿ ಇತರ ಸೊತ್ತಿಗೆ ಆದ ನಷ್ಟಕ್ಕೆ ಆ ನಿರ್ಬಂಧ ಅನ್ವಯಿಸುವುದಿಲ್ಲ. ಗುತ್ತಿಗೆದಾರರಿಗೆ ಕೊನೆಯ ಕಂತನ್ನು ಕೊಡುವ ಮುನ್ನ ಪ್ರತಿ ಸರ್ಕ್ಯೂಟಿನ ಮೆಗ್ಗರ್ ಅಳತೆಯನ್ನು ಬರಹದಲ್ಲಿ ಪಡೆದು, ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಮ್ಮ ಕೈಯಿಂದಲೇ ಒತ್ತಿ ನೋಡಿ, ತಂತಿ ಸಾಗುವ ಪೈಪುಗಳನ್ನು ತೋರಿಸುವ, ಗಿಲಾವಿಗೆ ಮೊದಲು ತೆಗೆದ ಫೋಟೋಗಳನ್ನು ಬಿಲ್ಲುಗಳೊಂದಿಗೆ ಮನೆಪತ್ರದ ಕಡತದಲ್ಲಿ ಇಟ್ಟುಕೊಳ್ಳಬೇಕು.